ಬಣ್ಣದ ಪಾಕ ಯಾರ ಕೈಯಲ್ಲಿರಬೇಕು?

(ಅಂತಿಮ ಬಿ.ಎ. ವಿದ್ಯಾರ್ಥಿ)

ಲೋಕದಲ್ಲಿ ವಿದ್ಯೆಗಳು ಎರಡು ಬಗೆಯವು. ಹತ್ತು ಮನೆಯವರಿಗೆ ತಿಳಿದಿರುವ ವಿದ್ಯೆ ಒಂದು. ಒಬ್ಬನ ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟ ವಿದ್ಯೆ ಇನ್ನೊಂದು. ನಮ್ಮ ಸೀಮೆಯಲ್ಲಿ ಜೋಳದ ರೊಟ್ಟಿ ಬಡಿಯುವುದು ಮೊದಲನೆಯ ಬಗೆಗೆ ಸೇರಿದ್ದು. ಒಂದು ಮನೆಯ ಒಲೆ ಆರಿದರೂ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುವುದಿಲ್ಲ. ಎರಡನೆಯ ಬಗೆಯ ವಿದ್ಯೆಯ ಗತಿ ಹಾಗಿಲ್ಲ. ಪೆಟ್ಟಿಗೆಯ ಒಡೆಯನು ಅಂಗಡಿ ಮುಚ್ಚಿದ ದಿನವೇ ಅದೂ ಮುಚ್ಚಿಹೋಗುತ್ತದೆ. ಬಣ್ಣದ ಛಾಯಾಚಿತ್ರದ ಫಿಲ್ಮನ್ನೂ ಕಾಗದವನ್ನೂ ತೊಳೆಯುವ ದ್ರಾವಣಗಳನ್ನು ಮನೆಯಲ್ಲಿಯೇ ಬೆರೆಸಿಕೊಳ್ಳುವ ವಿಚಾರವಾಗಿ ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ. ಈ ವಿದ್ಯೆ ಇಂದು ಎರಡು ಬಗೆಗಳ ನಡುವಿನ ಹೊಸ್ತಿಲ ಮೇಲೆ ನಿಂತಿದೆ. ಅದನ್ನು ಮೊದಲನೆಯ ಬಗೆಗೆ ಸೇರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ರಸಾಯನಶಾಸ್ತ್ರದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಾರದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವ ನಾವು ತಕ್ಕಡಿ ಹಿಡಿಯಬಾರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಕನ್ನಡ ಸಾಹಿತ್ಯ ಓದಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದದ್ದನ್ನು ನಾವೆಲ್ಲ ಬಲ್ಲೆವು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ಬರೆಯಲು ವಿಜ್ಞಾನದ ಪದವಿಗಾಗಿ ಕಾದು ಕುಳಿತವರಲ್ಲ. ತಿಳಿಯುವ ಹಂಬಲವಿದ್ದವನಿಗೆ ವಿಭಾಗಗಳ ಗೋಡೆ ಅಷ್ಟು ಎತ್ತರವಾಗಿ ಕಾಣುವುದಿಲ್ಲ.

ಮೊದಲು ವಿಷಯವನ್ನು ಸರಳವಾಗಿ ತಿಳಿದುಕೊಳ್ಳೋಣ. ಬಣ್ಣದ ಫಿಲ್ಮಿನ ಮೈಮೇಲೆ ಮುಖ್ಯವಾಗಿ ಮೂರು ಪದರಗಳಿರುತ್ತವೆ. ಒಂದು ನೀಲಿ ಬೆಳಕನ್ನೂ, ಇನ್ನೊಂದು ಹಸಿರನ್ನೂ, ಮತ್ತೊಂದು ಕೆಂಪನ್ನೂ ಗ್ರಹಿಸುತ್ತದೆ. ಮೂರರಲ್ಲಿಯೂ ಇರುವುದು ಬೆಳ್ಳಿಯ ಲವಣದ ಕಣಗಳೇ. ಬೆಳಕು ಬಿದ್ದ ಕಣವನ್ನು ಡೆವಲಪರ್ ಎಂಬ ದ್ರಾವಣವು ಕಪ್ಪು ಬೆಳ್ಳಿಯನ್ನಾಗಿ ಮಾಡುತ್ತದೆ. ಹೀಗೆ ಮಾಡುವಾಗ ಡೆವಲಪರಿನ ಸ್ವಂತ ರೂಪವೂ ಬದಲಾಗುತ್ತದೆ. ಆ ಬದಲಾದ ದ್ರವ್ಯವು ಪದರದಲ್ಲಿ ಮೊದಲೇ ಅಡಗಿರುವ ಇನ್ನೊಂದು ವಸ್ತುವಿನೊಡನೆ ಕೂಡಿ ಬಣ್ಣವಾಗುತ್ತದೆ. ನೀಲಿಯನ್ನು ಕಂಡ ಪದರದಲ್ಲಿ ಹಳದಿ, ಹಸಿರನ್ನು ಕಂಡದ್ದರಲ್ಲಿ ನೇರಳೆಗೆಂಪು, ಕೆಂಪನ್ನು ಕಂಡದ್ದರಲ್ಲಿ ಹಸಿರುನೀಲಿ ಮೂಡುತ್ತದೆ. ಅನಂತರ ಬ್ಲೀಚ್ ಎಂಬ ದ್ರಾವಣವು ಕಪ್ಪು ಬೆಳ್ಳಿಯನ್ನು ಮತ್ತೆ ಲವಣವನ್ನಾಗಿ ಮಾಡುತ್ತದೆ. ಹೈಪೋ ಅದನ್ನು ಕರಗಿಸಿ ಹೊರಗೆ ತರುತ್ತದೆ. ಕೊನೆಗೆ ಬೆಳ್ಳಿಯೆಲ್ಲ ಹೋಗಿ ಬಣ್ಣವೊಂದೇ ಉಳಿಯುತ್ತದೆ. ಈ ಮೂಲತತ್ತ್ವವನ್ನು ೧೯೧೨ರ ಸುಮಾರಿಗೇ ರುಡಾಲ್ಫ್ ಫಿಷರ್ ಎಂಬ ಜರ್ಮನ್ ರಸಾಯನಜ್ಞನು ತೋರಿಸಿಕೊಟ್ಟಿದ್ದನು.

ಆದರೆ ಜಗತ್ತಿನಲ್ಲಿ ಹೆಸರು ಮಾಡಿದ ಬಣ್ಣದ ಫಿಲ್ಮುಗಳಲ್ಲಿ ಒಂದನ್ನು ಕಂಡುಹಿಡಿದವರು ಇಬ್ಬರು ಸಂಗೀತಗಾರರು. ಅಮೆರಿಕದ ಲಿಯೊಪೋಲ್ಡ್ ಮಾನೆಸ್ ಪಿಯಾನೋ ನುಡಿಸುವವನು. ಲಿಯೊಪೋಲ್ಡ್ ಗೊಡೋವ್ಸ್ಕಿ ಪಿಟೀಲಿನವನು. ಶಾಲೆಯಲ್ಲಿ ಓದುತ್ತಿದ್ದಾಗಲೇ ಬಣ್ಣದ ಚಿತ್ರದ ಹುಚ್ಚು ಹಿಡಿದು ತಂದೆತಾಯಿಯರ ಮನೆಗಳ ಅಡುಗೆಮನೆಯಲ್ಲಿಯೂ ಬಚ್ಚಲಿನಲ್ಲಿಯೂ ಪ್ರಯೋಗ ನಡೆಸಿದರು. ಕತ್ತಲೆಯಲ್ಲಿ ಗಡಿಯಾರ ಕಾಣದೆಂದು ಬ್ರಾಮ್ಸ್ ಎಂಬ ಸಂಗೀತಕಾರನ ಸ್ವರಮೇಳವನ್ನು ಸಿಳ್ಳೆಯಲ್ಲಿ ನುಡಿಸಿ ಅದರ ತಾಳದಿಂದಲೇ ಕಾಲವನ್ನು ಅಳೆಯುತ್ತಿದ್ದರಂತೆ. ಅವರ ಶ್ರಮದ ಫಲವಾಗಿ ೧೯೩೫ರಲ್ಲಿ ಕೊಡಾಕ್ರೋಮ್ ಹೊರಬಂದಿತು. ಮನೆಯ ಬಚ್ಚಲಿನಲ್ಲಿ ಹುಟ್ಟಿದ ಆ ಫಿಲ್ಮನ್ನು ಆಮೇಲೆ ಮನೆಯಲ್ಲಿ ತೊಳೆಯಲು ಸಾಮಾನ್ಯರಿಗೆ ಸಾಧ್ಯವಾಗಲಿಲ್ಲವೆಂಬುದು ವಿಧಿಯ ವಿನೋದ. ಅದರ ಬಣ್ಣದ ವಸ್ತು ಫಿಲ್ಮಿನಲ್ಲಿರಲಿಲ್ಲ, ದ್ರಾವಣಗಳಲ್ಲಿತ್ತು. ಮೂರು ಬಣ್ಣಗಳಿಗೆ ಮೂರು ಬೇರೆ ಡೆವಲಪರುಗಳು, ನಡುವೆ ಕೆಂಪು ಮತ್ತು ನೀಲಿ ಬೆಳಕುಗಳನ್ನು ಅಳತೆಮಾಡಿ ತೋರಿಸುವ ಕ್ರಮಗಳು ಹೀಗೆ ಅದು ದೊಡ್ಡ ಯಂತ್ರಗಳ ಕೆಲಸವಾಗಿ ಹೋಯಿತು. ೨೦೦೯ರಲ್ಲಿ ಅದರ ತಯಾರಿಕೆ ನಿಂತಿತು. ಜಗತ್ತಿನಲ್ಲಿ ಅದನ್ನು ತೊಳೆಯುತ್ತಿದ್ದ ಕಡೆಯ ಪ್ರಯೋಗಾಲಯವು ಅಮೆರಿಕದ ಕಾನ್ಸಾಸ್ ಸಂಸ್ಥಾನದಲ್ಲಿತ್ತು; ೨೦೧೦ರ ಡಿಸೆಂಬರ್ ಕೊನೆಗೆ ಅದೂ ಹೊಸ ರೋಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ತೊಳೆಯದೆ ಉಳಿದ ಕೊಡಾಕ್ರೋಮ್ ರೋಲು ಇಂದು ಯಾರಿಗಾದರೂ ಸಿಕ್ಕಿದರೆ ಕಪ್ಪು ಬಿಳುಪಿನ ಆಕೃತಿಯನ್ನು ಹೊರತೆಗೆಯಬಹುದೇ ಹೊರತು ಬಣ್ಣವನ್ನು ಪಡೆಯಲು ಸಾಮಾನ್ಯರಿಗೆ ದಾರಿಯಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಕಥೆಯನ್ನು ನೋಡಿರಿ. ಜರ್ಮನಿಯ ಆಗ್ಫಾ ಸಂಸ್ಥೆಯವರು ೧೯೩೬ರಲ್ಲಿ ಬಣ್ಣದ ವಸ್ತುವನ್ನು ಫಿಲ್ಮಿನ ಪದರದೊಳಗೇ ಇರಿಸಿದರು. ಎರಡನೆಯ ಮಹಾಯುದ್ಧ ೧೯೪೫ರಲ್ಲಿ ಮುಗಿದ ಮೇಲೆ ಗೆದ್ದ ರಾಷ್ಟ್ರಗಳವರು ಆ ಸಂಸ್ಥೆಯ ಗುಟ್ಟುಗಳನ್ನೆಲ್ಲ ಕೆದಕಿ ವರದಿಗಳಾಗಿ ಪ್ರಕಟಿಸಿದರು. ಗುಟ್ಟು ಹೊರಬಿದ್ದುದರಿಂದ ಹಲವು ದೇಶಗಳಲ್ಲಿ ಬಣ್ಣದ ಫಿಲ್ಮು ತಯಾರಾಗತೊಡಗಿತು. ೧೯೭೨ರಲ್ಲಿ ಕೊಡಾಕ್ ಸಂಸ್ಥೆಯೇ ತಂದ ಸಿ-೪೧ ಎಂಬ ಕ್ರಮವೂ ಇದೇ ತತ್ತ್ವದ ಮೇಲೆ ನಿಂತದ್ದು. ಅದೇ ಮುಂದೆ ಬಣ್ಣದ ನೆಗೆಟಿವ್ ಫಿಲ್ಮುಗಳಿಗೆಲ್ಲ ಸಾಮಾನ್ಯ ಕ್ರಮವಾಯಿತು. ಆಗ್ಫಾದ ಫಿಲ್ಮು ವಿಭಾಗ ೨೦೦೫ರಲ್ಲಿ ದಿವಾಳಿಯಾಯಿತು. ಕೊನಿಕಾ ಮಿನೋಲ್ಟಾ ೨೦೦೬ರಲ್ಲಿ ಈ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಸಾರಿತು. ಕೊಡಾಕ್ ೨೦೧೨ರಲ್ಲಿ ನ್ಯಾಯಾಲಯದ ರಕ್ಷಣೆ ಬೇಡಬೇಕಾಯಿತು. ಇಷ್ಟಾದರೂ ಸಿ-೪೧ ಸಾಯಲಿಲ್ಲ. ಅದರ ಪಾಕ ಬಲ್ಲವರು ಹಲವು ದೇಶಗಳಲ್ಲಿ ಹಲವು ಮನೆಗಳಲ್ಲಿದ್ದುದೇ ಅದಕ್ಕೆ ಒಂದು ಮುಖ್ಯ ಕಾರಣ.

ನಮ್ಮ ದೇಶದ ಅನುಭವವೂ ಇದಕ್ಕಿಂತ ಬೇರೆಯಲ್ಲ. ಊಟಿಯಲ್ಲಿ ೧೯೬೦ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯ ಸ್ಥಾಪನೆಯಾಗಿ ೧೯೬೭ರಲ್ಲಿ ಉತ್ಪಾದನೆ ಆರಂಭವಾಯಿತು. ‘ಇಂದು’ ಎಂಬ ಹೆಸರಿನ ಅದರ ಕಪ್ಪು ಬಿಳುಪಿನ ಫಿಲ್ಮೂ ಕಾಗದವೂ ನಮ್ಮ ಹಳ್ಳಿಯ ಸ್ಟುಡಿಯೋಗಳವರೆಗೂ ಬಂದವು. ಇಂದು ಎಂದರೆ ಚಂದ್ರ. ಆ ಇಂದು ಇಂದಿಲ್ಲ, ಕಾರ್ಖಾನೆ ಮುಚ್ಚಿಹೋಗಿದೆ. ಕನ್ನಡದ ಮೊದಲ ವರ್ಣಚಿತ್ರವೆನಿಸಿದ ‘ಅಮರಶಿಲ್ಪಿ ಜಕಣಾಚಾರಿ’ ೧೯೬೪ರಲ್ಲಿ ತೆರೆಗೆ ಬಂದಾಗ ಜನ ಬಣ್ಣವನ್ನು ನೋಡಿ ಬೆರಗಾಗಿರಬೇಕು. ಆದರೆ ಸ್ಟುಡಿಯೋಗಳ ಪಾಲಿಗೆ ಬಣ್ಣವು ಬೆರಗನ್ನು ಮಾತ್ರ ತರಲಿಲ್ಲ.

ಸಿರುಗುಪ್ಪದಲ್ಲಿ ನನಗೆ ಪರಿಚಿತರಾದ ಹಿರಿಯ ಛಾಯಾಗ್ರಾಹಕರೊಬ್ಬರಿದ್ದಾರೆ. ೧೯೭೦ರ ದಶಕದಲ್ಲಿ ಸ್ಟುಡಿಯೋ ಇಟ್ಟವರು. ಮೆಟಾಲ್, ಹೈಡ್ರೋಕ್ವಿನೋನ್, ಸಲ್ಫೈಟ್, ಸೋಡಾ, ಬ್ರೋಮೈಡ್ ಎಂಬ ಐದು ಪುಡಿಗಳನ್ನು ತಾವೇ ತೂಗಿ ಕಪ್ಪು ಬಿಳುಪಿನ ಡೆವಲಪರನ್ನು ಬೆರೆಸುತ್ತಿದ್ದರು. ಅದಕ್ಕೆ ೨೦ ಡಿಗ್ರಿಯ ತಂಪು ಬೇಕು. ನಮ್ಮ ಸೀಮೆಯ ಬಿಸಿಲಿನಲ್ಲಿ ಅಂತಹ ನೀರು ಎಲ್ಲಿಂದ ಬರಬೇಕು? “ತಮ್ಮಾ, ಬ್ಯಾಸಿಗ್ಯಾಗ ಐಸ್ ಹಾಕ್ಲಿಲ್ಲಾಂದ್ರ ಫಿಲ್ಮಿನ ಮೈ ಸುಲಿದು ಕೈಗೆ ಬರ್ತಿತ್ತು” ಎಂದು ಅವರು ಹೇಳುತ್ತಾರೆ. ಬಣ್ಣ ಬಂದ ಮೇಲೆ ಐಸೂ ಬೇಕಾಗಲಿಲ್ಲ, ತಕ್ಕಡಿಯೂ ಬೇಕಾಗಲಿಲ್ಲ. ಫಿಲ್ಮುಗಳನ್ನು ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ನಗರದ ಯಂತ್ರಕ್ಕೆ ಕಳುಹಿಸುವುದು, ಸಂಜೆಯ ಬಸ್ಸಿಗೆ ಬಂದ ಚಿತ್ರಗಳನ್ನು ಗಿರಾಕಿಗೆ ಕೊಡುವುದು ಇಷ್ಟೇ ಅವರ ಕೆಲಸವಾಯಿತು. ಕುಶಲಿಯಾಗಿದ್ದವರು ಕಮಿಷನ್ ಏಜೆಂಟರಾದರು. ಮುಂದೆ ಡಿಜಿಟಲ್ ಬಂದು ನಗರದ ಆ ಯಂತ್ರಗಳೂ ಗುಜರಿಗೆ ಹೋದಾಗ ಫಿಲ್ಮು ತೊಳೆಯುವ ಬಗೆ ಯಾರ ಕೈಯಲ್ಲಿಯೂ ಉಳಿದಿರಲಿಲ್ಲ. ಯಂತ್ರದ ತಪ್ಪು ಇದರಲ್ಲಿಲ್ಲ. ಯಂತ್ರದ ಹೊಟ್ಟೆಯಲ್ಲಿ ಏನು ನಡೆಯುತ್ತದೆಂದು ತಿಳಿಯುವ ಅವಕಾಶ ಅವರಿಗೆ ದೊರೆಯಲಿಲ್ಲವೆಂಬುದೇ ನನ್ನ ಕೊರಗು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳುವವರಿಗೆ ನಮ್ಮ ಮನೆಯ ಸಂಗತಿಯೊಂದನ್ನೇ ಹೇಳುತ್ತೇನೆ. ನಮ್ಮ ಅಜ್ಜ ೧೯೯೮ರಲ್ಲಿ ತೀರಿಕೊಂಡರು. ಅವರ ಚಿತ್ರವೆಂದು ನಮ್ಮಲ್ಲಿದ್ದುದು ಮತದಾರರ ಗುರುತಿನ ಚೀಟಿಯ ಮೇಲಿನ ಮಸುಕು ಮುಖವೊಂದೇ. ಎರಡು ವರ್ಷಗಳ ಹಿಂದೆ ಕುರುಗೋಡಿನ ನಮ್ಮ ಸೋದರತ್ತೆಯ ಟ್ರಂಕಿನಲ್ಲಿ ತೊಳೆಯದ ಫಿಲ್ಮಿನ ರೋಲೊಂದು ದೊರೆಯಿತು. ದೊಡ್ಡಬಸವೇಶ್ವರನ ತೇರಿನ ದಿನ ಮಾವ ಯಾರದೋ ಕ್ಯಾಮೆರಾ ಇಸಿದುಕೊಂಡು ತೆಗೆದದ್ದೆಂದು ಅತ್ತೆಗೆ ನೆನಪಿತ್ತು. ಬಳ್ಳಾರಿಯಲ್ಲಿ ಮೂರು ಸ್ಟುಡಿಯೋಗಳನ್ನು ವಿಚಾರಿಸಿದೆ. ಬಣ್ಣದ ಫಿಲ್ಮು ತೊಳೆಯುವುದನ್ನು ಬಿಟ್ಟು ಬಹುಕಾಲವಾಯಿತೆಂದರು. ದೂರದೂರಿನ ಪ್ರಯೋಗಾಲಯದವರು ಅಷ್ಟು ಹಳೆಯ ಫಿಲ್ಮನ್ನು ತಮ್ಮ ಯಂತ್ರಕ್ಕೆ ಹಾಕುವುದಿಲ್ಲವೆಂದರು. ಕಪ್ಪು ಬಿಳುಪಿನ ಡೆವಲಪರಿನಲ್ಲಿ ತೊಳೆದರೆ ಆಕಾರವಾದರೂ ಬಂದೀತೆಂದು ಸಿರುಗುಪ್ಪದ ಹಿರಿಯರು ಸೂಚಿಸಿದರು. ಬಣ್ಣವೂ ಬೇಕೆಂದು ನಾನು ಹಟ ಹಿಡಿದೆ. ಅವರ ಹಳೆಯ ತಕ್ಕಡಿಯ ಅನುಭವ, ನನ್ನ ಪುಸ್ತಕದ ಓದು ಎರಡೂ ಕೂಡಿ ನಾವು ಸಿ-೪೧ ಪಾಕವನ್ನು ಬೆರೆಸಿದೆವು. ಮೊದಲು ಹೊಸ ರೋಲೊಂದನ್ನು ತೊಳೆದು ಪಾಕ ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು ಅನಂತರವೇ ಹಳೆಯದನ್ನು ತೊಟ್ಟಿಗೆ ಇಳಿಸಿದೆವು.

ಇಪ್ಪತ್ತೈದು ಬೇಸಿಗೆಗಳನ್ನು ಕಂಡ ಫಿಲ್ಮು ಅದು. ಮೂವತ್ತಾರರಲ್ಲಿ ಹನ್ನೊಂದು ಚಿತ್ರಗಳು ಮಾತ್ರ ಮಬ್ಬುಮಬ್ಬಾಗಿ ಮೂಡಿದವು. ಒಂದರಲ್ಲಿ ಅಜ್ಜ ತೇರಿನ ಹಗ್ಗ ಹಿಡಿದು ನಿಂತಿದ್ದಾರೆ. ನೆಗೆಟಿವನ್ನು ಮೊಬೈಲಿನಲ್ಲಿ ತಿರುಗುಮುರುಗು ಮಾಡಿ ತೋರಿಸಿದಾಗ ಅತ್ತೆ ಬಹಳ ಹೊತ್ತು ನೋಡಿ, “ನಮ್ಮಪ್ಪನ ರುಮಾಲು ಕೇಸರಿ ಬಣ್ಣದ್ದು ಅಂತ ನಾ ಹೇಳ್ತಿದ್ದೆ. ನಿಮ್ಮಪ್ಪ ಬಿಳೀದು ಅಂತಿದ್ದ” ಎಂದರು. ಅಣ್ಣ ತಂಗಿಯರ ನಡುವೆ ಅಷ್ಟು ವರ್ಷಗಳಿಂದಿದ್ದ ವಾದ ಅಂದು ಬಗೆಹರಿಯಿತು. ಕಪ್ಪು ಬಿಳುಪಿನಲ್ಲಿ ತೊಳೆದಿದ್ದರೆ ಅದು ಬಗೆಹರಿಯುತ್ತಿರಲಿಲ್ಲ. ಆ ರೋಲು ಕೊಡಾಕ್ರೋಮ್ ಆಗಿದ್ದಿದ್ದರೂ ಬಗೆಹರಿಯುತ್ತಿರಲಿಲ್ಲ. ಪಾಕವು ಬಯಲಲ್ಲಿದ್ದುದರಿಂದ ನಮಗೆ ಅಜ್ಜನ ರುಮಾಲಿನ ಬಣ್ಣ ದೊರೆಯಿತು.

ಈ ಪಾಕ ಹಲವರು ಭಾವಿಸುವಷ್ಟು ದುರ್ಗಮವಾದುದಲ್ಲ. ಒಂದು ಲೀಟರು ಡೆವಲಪರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ ಸುಮಾರು ೩೫ ಗ್ರಾಂ, ಸೋಡಿಯಂ ಸಲ್ಫೈಟ್ ಸುಮಾರು ೪ ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ ಸುಮಾರು ಒಂದೂವರೆ ಗ್ರಾಂ, ಹೈಡ್ರಾಕ್ಸಿಲಮೈನ್ ಸಲ್ಫೇಟ್ ಸುಮಾರು ೨ ಗ್ರಾಂ, ಸಿಡಿ-೪ ಎಂಬ ಮುಖ್ಯ ದ್ರವ್ಯ ಸುಮಾರು ೪.೭೫ ಗ್ರಾಂ ಬೇಕು. ಅಕ್ಕಸಾಲಿಗರು ಬಳಸುವಂತಹ ಸೂಕ್ಷ್ಮ ತಕ್ಕಡಿ ಇದ್ದರೆ ಸಾಕು. ಒಂದರ ಹಿಂದೆ ಒಂದನ್ನು ಹಾಕಿ ಪೂರ್ತಿ ಕರಗಿದ ಮೇಲೆ ಮುಂದಿನದಕ್ಕೆ ಕೈಯಿಡಬೇಕು, ಸಿಡಿ-೪ ಕಟ್ಟಕಡೆಗೆ. ಸಲ್ಫೈಟ್ ಮೊದಲೇ ನೀರಿನಲ್ಲಿದ್ದು ಕಾವಲು ಕಾಯದಿದ್ದರೆ ಗಾಳಿಯ ಸೋಂಕಿಗೆ ಆ ಪುಡಿ ಬೇಗನೆ ಕೆಡುತ್ತದೆ. ದ್ರಾವಣದ ಕ್ಷಾರದ ಅಳತೆ, ಅಂದರೆ ಪಿಎಚ್, ೧೦ರ ಆಸುಪಾಸಿನಲ್ಲಿ ನಿಲ್ಲಬೇಕು. ನಮ್ಮ ಊರ ಬೋರಿನ ನೀರು ಗಡಸು. ಕಾರ್ಬೊನೇಟ್ ಬಿದ್ದೊಡನೆ ಅದರಲ್ಲಿನ ಸುಣ್ಣ ಹಾಲಿನಂತೆ ಒಡೆದು ತಳಕ್ಕಿಳಿಯುತ್ತದೆ. ಆದುದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬಳಸುವುದು ಲೇಸು.

ಉಳಿದದ್ದು ಶಾಖದ ಮಾತು. ಸಿ-೪೧ ಡೆವಲಪರು ಕೆಲಸ ಮಾಡುವುದು ೩೭.೮ ಡಿಗ್ರಿಯಲ್ಲಿ, ೩ ನಿಮಿಷ ೧೫ ಸೆಕೆಂಡು. ಶೀತದೇಶಗಳವರು ಈ ಶಾಖವನ್ನು ಕಾಯ್ದುಕೊಳ್ಳಲು ವಿದ್ಯುತ್ ಉಪಕರಣಗಳನ್ನು ಕೊಳ್ಳಬೇಕು. ನಮಗಾದರೋ ಭಗವಂತನು ಈ ಒಂದು ವಿಷಯದಲ್ಲಿ ಬೇಡದೆಯೇ ಕೃಪೆದೋರಿದ್ದಾನೆ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಾಸ್ಯದ ಮಾತುಂಟಲ್ಲವೆ? ಏಪ್ರಿಲಿನ ಮಧ್ಯಾಹ್ನ ನಮ್ಮ ಕೋಣೆಯ ಮಾಳಿಗೆಯ ತೊಟ್ಟಿಯ ನೀರನ್ನು ನಾನು ಅಳೆದಾಗ ೩೯ ಡಿಗ್ರಿ ಇತ್ತು. ಒಂದು ಬಕೆಟ್ ನೀರು, ಒಂದು ಉಷ್ಣಮಾಪಕ, ತಣಿಸಲು ಮಡಕೆಯ ಒಂದು ಲೋಟ ನೀರು ಇಷ್ಟರಲ್ಲಿಯೇ ಕೆಲಸ ಸಾಗಿತು. ಕಪ್ಪು ಬಿಳುಪಿನ ಕಾಲದಲ್ಲಿ ಯಾವ ಬಿಸಿಲು ನಮ್ಮ ಛಾಯಾಗ್ರಾಹಕರ ಶತ್ರುವಾಗಿತ್ತೋ ಅದೇ ಬಿಸಿಲು ಬಣ್ಣದ ಕಾಲದಲ್ಲಿ ಮಿತ್ರನಾಗಬಹುದಾಗಿತ್ತು. ಪಾಕ ತಿಳಿಯದಿದ್ದುದರಿಂದ ಈ ಮೈತ್ರಿ ಕೈಗೂಡಲಿಲ್ಲ.

ಇನ್ನು ದ್ರವ್ಯಗಳ ಮಾತು. ಹೆಸರುಗಳನ್ನು ಕೇಳಿದರೆ ವಿಲಾಯತಿಯಿಂದ ಬರಬೇಕಾದವುಗಳಂತೆ ತೋರುತ್ತವೆ. ಪರೀಕ್ಷಿಸಿ ನೋಡಿದರೆ ಅನೇಕವು ನಮ್ಮ ನೆರೆಹೊರೆಯವೇ. ಕಾರ್ಬೊನೇಟ್ ಎಂಬುದು ಬಟ್ಟೆ ಒಗೆಯುವ ಸೋಡಾದ ಸೋದರ. ಹೈಪೋ ಬಳ್ಳಾರಿಯ ಜೀನ್ಸ್ ತೊಳೆಯುವ ಕಸುಬಿಗೂ ಬೇಕಾದದ್ದು. ಬ್ಲೀಚಿನ ಕ್ಲೋರಿನ್ನನ್ನು ಬಟ್ಟೆಯಿಂದ ಬಿಡಿಸಲು ಅದನ್ನು ಬಳಸುತ್ತಾರೆ. ಬ್ಲೀಚ್ ದ್ರಾವಣದ ಜೀವಾಳವಾದ ಕಬ್ಬಿಣದ ಇಡಿಟಿಎ ಲವಣವನ್ನೇ ಎಲೆ ಹಳದಿಯಾದ ಬೆಳೆಗೆ ಲಘು ಪೋಷಕಾಂಶವೆಂದು ಸಿರುಗುಪ್ಪದ ರೈತ ಸಿಂಪಡಿಸುತ್ತಾನೆ. ಗೊಬ್ಬರದಂಗಡಿಯ ಪುಡಿಯನ್ನೇ ಫಿಲ್ಮಿಗೆ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಅದರ ಶುದ್ಧತೆ ಬೇರೆ, ಇದರ ಶುದ್ಧತೆ ಬೇರೆ. ಆದರೆ ಅಪರಿಚಿತವೆಂದು ಅಂಜಿದ ವಸ್ತು ನಮ್ಮ ಗದ್ದೆಯ ಬದುವಿನಲ್ಲಿಯೇ ಇದ್ದಿತೆಂದು ತಿಳಿದಾಗ ಅಂಜಿಕೆ ಅರ್ಧ ಇಳಿಯುತ್ತದೆ. ಸಿಡಿ-೪ ಒಂದನ್ನು ಮಾತ್ರ ದೂರದಿಂದ ತರಿಸಲೇಬೇಕು. ಕಾಗದದ ಮೇಲೆ ಚಿತ್ರ ಅಚ್ಚುಮಾಡಲು ಆರ್‌ಎ-೪ ಎಂಬ ಕ್ರಮವಿದ್ದು ಅದಕ್ಕೆ ಸಿಡಿ-೩ ಎಂಬ ಇನ್ನೊಂದು ದ್ರವ್ಯ ಬೇಕು. ಬಣ್ಣದ ಕಾಗದವನ್ನು ಬಹುಮಟ್ಟಿಗೆ ಪೂರ್ಣ ಕತ್ತಲೆಯಲ್ಲಿಯೇ ಹಿಡಿಯಬೇಕಾದುದರಿಂದ ಹೊಸಬರು ಫಿಲ್ಮಿನಿಂದ ಆರಂಭಿಸುವುದು ಸುಲಭ.

ಈಗ ಆಕ್ಷೇಪಗಳಿಗೆ ಬರೋಣ. ಜೇಬಿನಲ್ಲಿ ಮೊಬೈಲು ಇರುವಾಗ ಈ ಗೊಡವೆ ಏಕೆಂದು ಮಿತ್ರರು ಕೇಳುತ್ತಾರೆ. ನಿತ್ಯದ ಚಿತ್ರಕ್ಕೆ ಮೊಬೈಲೇ ಸರಿ. ನಾನೂ ಅದನ್ನೇ ಬಳಸುತ್ತೇನೆ. ಆದರೆ ಟ್ರಂಕುಗಳಲ್ಲಿ, ಮುಚ್ಚಿದ ಸ್ಟುಡಿಯೋಗಳ ಕಪಾಟುಗಳಲ್ಲಿ ತೊಳೆಯದೆ ಉಳಿದಿರುವ ರೋಲುಗಳನ್ನು ಮೊಬೈಲು ತೊಳೆಯಲಾರದು. ವರ್ಷ ಕಳೆದಂತೆ ಅವು ಇನ್ನಷ್ಟು ಮಬ್ಬಾಗುತ್ತವೆ. ಆ ಕೆಲಸಕ್ಕೆ ತಾಲ್ಲೂಕಿಗೆ ಇಬ್ಬರಾದರೂ ಬಲ್ಲವರು ಬೇಡವೆ?

ಎರಡನೆಯ ಆಕ್ಷೇಪ ಹಣದ್ದು. ಇದು ಸುಳ್ಳಲ್ಲ. ಬಣ್ಣದ ಫಿಲ್ಮಿನ ಒಂದು ರೋಲಿನ ಬೆಲೆ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸಿನ ದಿನಗೂಲಿಗಿಂತ ಹೆಚ್ಚು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ನಮ್ಮಂತಹವರು ಇದನ್ನು ಹವ್ಯಾಸವೆಂದು ಕರೆಯಲು ಸಂಕೋಚಪಡಬೇಕು. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸಿದ್ಧ ಪೊಟ್ಟಣವನ್ನು ಒಮ್ಮೆ ಕರಗಿಸಿದರೆ ಕೆಲವೇ ವಾರಗಳಲ್ಲಿ ಅದು ಕೆಡುತ್ತದೆ. ತಿಂಗಳಿಗೆ ಒಂದು ರೋಲು ತೊಳೆಯುವವನಿಗೆ ಅದರ ಮುಕ್ಕಾಲು ಪಾಲು ಚರಂಡಿಯ ಪಾಲು. ಪುಡಿಗಳಾದರೆ ಬಿರಡೆ ಬಿಗಿಯಾಗಿದ್ದಷ್ಟು ಕಾಲ ತಾಳುತ್ತವೆ. ಬೇಕಾದಾಗ ಬೇಕಾದಷ್ಟೇ ಬೆರೆಸಬಹುದು. ೨೫ ಗ್ರಾಂ ಸಿಡಿ-೪ ಐದು ಲೀಟರಿಗೆ ಒದಗುತ್ತದೆ. ಲೀಟರಿಗೆ ಎಂಟು ರೋಲಿನಂತೆ ಹಿಡಿದರೂ ನಲವತ್ತು ರೋಲುಗಳಾದವು. ಐವರು ಕೂಡಿ ಕೊಂಡರೆ ಹೊರೆಯಾಗದು.

ಮೂರನೆಯ ಆಕ್ಷೇಪವು ಅಪಾಯದ್ದು. ಇದನ್ನು ನಾನು ಹಗುರಾಗಿ ಕಾಣುವುದಿಲ್ಲ. ಸಿಡಿ-೩, ಸಿಡಿ-೪ ಇವು ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದಲ್ಲಿರುವ ದ್ರವ್ಯದ ಬಳಗಕ್ಕೆ ಸೇರಿದವು. ಚರ್ಮಕ್ಕೆ ತಗುಲಿದರೆ ಕೆಲವರಿಗೆ ತುರಿಕೆ, ಹುಣ್ಣು ಏಳುತ್ತವೆ. ಒಮ್ಮೆ ಒಗ್ಗದೆ ಹೋದರೆ ಮುಂದೆಂದೂ ಒಗ್ಗುವುದಿಲ್ಲ. ಕೈಗವಸು, ಪುಡಿ ತೂಗುವಾಗ ಮೂಗುಬಾಯಿಗೆ ಮುಸುಕು, ಗಾಳಿಯಾಡುವ ಜಾಗ ಇವು ಇಲ್ಲದೆ ಶೀಸೆಯ ಬಿರಡೆ ತೆಗೆಯಕೂಡದು. ಹಳೆಯ ಕ್ರಮದ ಬ್ಲೀಚಿನಲ್ಲಿ ಬಳಸುವ ಪೊಟ್ಯಾಸಿಯಂ ಫೆರಿಸಯನೈಡನ್ನು ತೀವ್ರ ಆಮ್ಲದ ಹತ್ತಿರಕ್ಕೆ ಬಿಡಬಾರದು. ಹಳೆಯ ಫಿಲ್ಮುಗಳ ಬಣ್ಣ ನಿಲ್ಲಲು ಕಡೆಯಲ್ಲಿ ಬೇಕಾಗುವ ಫಾರ್ಮಾಲಿನ್ ವಿಜ್ಞಾನ ಕಾಲೇಜಿನಲ್ಲಿ ಕಪ್ಪೆಗಳನ್ನು ಕೆಡದಂತೆ ಇಡುವ ದ್ರವವೇ. ಅದರ ಹಬೆ ಎದೆಗೆ ಒಳ್ಳೆಯದಲ್ಲ. ಅಡುಗೆಯ ಪಾತ್ರೆ, ಚಮಚ, ತಂಪುಪಾನೀಯದ ಬಾಟಲಿ ಯಾವುದನ್ನೂ ಈ ಕೆಲಸಕ್ಕೆ ಮುಟ್ಟಬಾರದು. ನಮ್ಮ ಅವ್ವನಿಗೆ ಓದಲು ಬಾರದು. ಆದುದರಿಂದ ಶೀಸೆಗೆ ಹೆಸರು ಬರೆದರೆ ಸಾಲದು. ಪ್ರತಿಯೊಂದಕ್ಕೂ ಕೆಂಪು ಪಟ್ಟಿ ಸುತ್ತಿ ಬೀಗವಿರುವ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ವಿದ್ಯೆಗೆ ಬೀಗ ಬೇಡವೆನ್ನುವ ನಾನು ಶೀಸೆಗೆ ಬೀಗ ಬೇಕೇಬೇಕೆನ್ನುತ್ತೇನೆ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯೊಂದನ್ನು ಯಾರೂ ಕೇಳುವುದಿಲ್ಲ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಬಳ್ಳಾರಿಯವರಾದ ನಮಗೆ ಈ ಪ್ರಶ್ನೆ ಮೊದಲು ಹೊಳೆಯಬೇಕು. ಜೀನ್ಸ್ ತೊಳೆದ ನೀಲಿ ನೀರಿನ ವಿಚಾರವಾಗಿ ಈ ನಗರದಲ್ಲಿ ಎದ್ದ ದೂರುಗಳು ಒಂದೆರಡಲ್ಲ. ಸಾವಿರಾರು ಜನರಿಗೆ ಅನ್ನ ಕೊಡುವ ಆ ಕಸುಬನ್ನು ದೂರುವ ನಾವು ಹವ್ಯಾಸಕ್ಕ��ಗಿ ಅದೇ ಚರಂಡಿಗೆ ಬೆಳ್ಳಿಯ ನೀರನ್ನು ಸುರಿಯುವುದು ನ್ಯಾಯವಲ್ಲ. ಬಳಸಿದ ಹೈಪೋದಲ್ಲಿ ಕರಗಿದ ಬೆಳ್ಳಿಯಿರುತ್ತದೆ; ಅದು ನೀರಿನ ಜೀವಿಗಳಿಗೆ ವಿಷ. ತುಂಗಭದ್ರೆಯ ಕಾಲುವೆಯ ನೀರಿನಿಂದಲೇ ಸಿರುಗುಪ್ಪದ ಭತ್ತ ಬೆಳೆಯಬೇಕು. ಸಿರುಗುಪ್ಪದ ಹಿರಿಯರ ಪದ್ಧತಿ ನನಗೆ ಹಿಡಿಸಿತು. ಅವರು ಬಳಸಿದ ಹೈಪೋವನ್ನು ಡಬ್ಬದಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಮಾರುತ್ತಿದ್ದರು. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಅದರಲ್ಲಿ ನೆನೆಹಾಕಿದರೆ ಕಬ್ಬಿಣ ಕರಗುತ್ತಾ ಬೆಳ್ಳಿ ಕಪ್ಪು ಕೆಸರಾಗಿ ತಳ ಸೇರುತ್ತದೆ. ಬೆರೆಸಲು ಬಲ್ಲವನಿಗೆ ಬೇರ್ಪಡಿಸುವುದೂ ಗೊತ್ತಿರಬೇಕು. ಅರ್ಧ ಪಾಕ ಕಲಿತವನನ್ನು ಅಡುಗೆಯವನೆಂದು ಯಾರೂ ಕರೆಯುವುದಿಲ್ಲ.

ಹಾಗಾದರೆ ಆಗಬೇಕಾದುದೇನು? ಎಲ್ಲರೂ ಮನೆಯಲ್ಲಿ ಪ್ರಯೋಗಾಲಯ ತೆರೆಯಬೇಕೆಂದು ನಾನು ಹೇಳಲಾರೆ. ನಮ್ಮ ಕಾಲೇಜಿನಲ್ಲಿ ಕಿಟಕಿ ಮುಚ್ಚಬಹುದಾದ ಒಂದು ಸಣ್ಣ ಕೋಣೆ, ಒಂದು ನಲ್ಲಿ, ಒಂದು ತಕ್ಕಡಿ ದೊರೆತರೆ ಸಾಕು. ರಸಾಯನಶಾಸ್ತ್ರ ಬಲ್ಲ ಅಧ್ಯಾಪಕರೊಬ್ಬರನ್ನು ವರ್ಷಕ್ಕೆ ನಾಲ್ಕು ದಿನ ಪಕ್ಕದ ಕಾಲೇಜಿನಿಂದ ಬರಮಾಡಿಕೊಳ್ಳಬಹುದು. ಸಿರುಗುಪ್ಪ, ಕುರುಗೋಡುಗಳಲ್ಲಿ ಉಳಿದಿರುವ ಹಳೆಯ ಛಾಯಾಗ್ರಾಹಕರನ್ನು ಗೌರವದಿಂದ ಕರೆದು ಅವರ ಕೈಯ ಅನುಭವವನ್ನು ಕೇಳಬಹುದು. ಅವರೆಲ್ಲ ಎಪ್ಪತ್ತು ದಾಟಿದವರಾದುದರಿಂದ ಇದನ್ನು ಮುಂದಕ್ಕೆ ಹಾಕುವಂತಿಲ್ಲ. ಪಾಕವನ್ನೂ ಎಚ್ಚರಿಕೆಗಳನ್ನೂ ಕೊಳೆನೀರಿನ ಕ್ರಮವನ್ನೂ ಸೇರಿಸಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಬಹುದು. ಇದು ಕಲಾ ವಿದ್ಯಾರ್ಥಿಗಳಾದ ನಮ್ಮದೇ ಕೆಲಸ. ಪಾಕಗಳೆಲ್ಲ ಇಂಗ್ಲಿಷಿನಲ್ಲಿವೆ; ಸಿರುಗುಪ್ಪದ ಹಿರಿಯರಿಗೆ ಇಂಗ್ಲಿಷ್ ಬರುತ್ತಿದ್ದಿದ್ದರೆ ಅವರು ನನ್ನಂತಹವನಿಗಾಗಿ ನಲವತ್ತು ವರ್ಷ ಕಾಯಬೇಕಾಗಿರಲಿಲ್ಲ.

ಓದು ಬಂದವನ ಮೊದಲ ಋಣ ಓದು ಬಾರದವರ ಮನೆಗೆ ಸಲ್ಲತಕ್ಕದ್ದೆಂದು ನಂಬಿದ್ದೇನೆ. ಆ ಋಣವನ್ನು ದೊಡ್ಡ ಭಾಷಣಗಳಿಂದಲೇ ತೀರಿಸಬೇಕಾಗಿಲ್ಲ. ಮುಚ್ಚಿದ ಪೊಟ್ಟಣವೊಂದರ ಒಳಗೆ ಏನಿದೆಯೆಂದು ಓದಿ, ತೂಗಿ, ಬೆರೆಸಿ, ನಾಲ್ಕು ಜನರಿಗೆ ಅವರದೇ ಮಾತಿನಲ್ಲಿ ಹೇಳಿಕೊಟ್ಟರೂ ಅದರಲ್ಲೊಂದು ಪಾಲು ಸಂದಂತಾಗುತ್ತದೆ. ಕೈಪಿಡಿಯ ಮೊದಲ ಹನ್ನೆರಡು ಪುಟಗಳನ್ನು ನಾನು ಬರೆದಿಟ್ಟಿದ್ದೇನೆ. ಮುಂದಿನ ತರಗತಿಯ ಮಿತ್ರರಲ್ಲಿ ಆಸಕ್ತಿಯುಳ್ಳವರು ಕೇಳಿ ಪಡೆಯಬಹುದು, ತಿದ್ದಬಹುದು, ಬೆಳೆಸಬಹುದು.